ಬರಿಗಣ್ಣಿನ ಕಾವಲು

“ನನ್ನ ಕತ್ತರಿ ಮುಟ್ಟಿದ್ದು ಯಾರು?”

ಕೇಳಿದ್ದು ಖಾಲಿ ಕೋಣೆಯನ್ನು. ಅಲ್ಲಿದ್ದದ್ದು ಎರಡು ಹೊಲಿಗೆ ಯಂತ್ರ, ಮೇಜಿನ ತುಂಬ ಹರಡಿದ ಪರದೆ ಬಟ್ಟೆ, ಮೂಲೆಗೆ ಒರಗಿಸಿಟ್ಟ ಪರದೆ ಸರಳುಗಳು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕೂಡ ಕತ್ತರಿಸಬಾರದು, ಮೊಂಡಾಗುತ್ತದೆ. ಒಡಹುಟ್ಟಿದ ಅಕ್ಕ ಕೇಳಿದರೂ ನಾನು ಬೇರೆಯದನ್ನು ಹುಡುಕಿ ಕೊಡುತ್ತೇನೆಯೇ ಹೊರತು ಅದನ್ನು ಮುಟ್ಟಗೊಡುವುದಿಲ್ಲ. ಅಂಥ ಕತ್ತರಿಯ ಅಲಗಿಗೆ ಹಸಿರು ಅಂಟು ಮೆತ್ತಿಕೊಂಡಿತ್ತು. ಮೂಸಿದೆ. ಕಿಟಕಿಯ ಬಳ್ಳಿಯ ವಾಸನೆ.

ಆಮೇಲೆ ಕಿಟಕಿಯ ಕಡೆ ತಿರುಗಿದೆ.

ಊರಿಗೆಲ್ಲ ಪರದೆ ಹೊಲಿಯುವ ನನ್ನ ಕಿಟಕಿಗೆ ಪರದೆ ಇರಲಿಲ್ಲ. ಹೊರಗೆ ಹಬ್ಬಿದ ಬಳ್ಳಿಯೇ ಪರದೆ. ಅದರ ಒಳಗೆ ಬುಲ್‌ಬುಲ್ ಜೋಡಿಯೊಂದು ಗೂಡು ಕಟ್ಟಿ ಮೂರು ಮರಿ ಮಾಡಿತ್ತು. ಬೆಳಿಗ್ಗೆ ನಾನು ಹೊರಗೆ ಹೋಗುವಾಗ ಎಲೆಗಳ ಸಂದಿಯಲ್ಲಿ ತಾಯಿಯ ಬಾಲ ಮಾತ್ರ ಕಾಣುತ್ತಿತ್ತು. ಈಗ ಗೂಡಿನ ಮುಂದೆ ಒಂದು ಎಲೆಯೂ ಇರಲಿಲ್ಲ. ನಡುಹಗಲ ಬಿಸಿಲು ನೆಟ್ಟಗೆ ಗೂಡಿನೊಳಕ್ಕೆ ಸುರಿಯುತ್ತಿತ್ತು. ಪುಕ್ಕ ಬಾರದ ಮರಿಗಳು. ಒಂದು ಬಾಯಿ ತೆರೆದುಕೊಂಡೇ ಸತ್ತಿತ್ತು. ಉಳಿದೆರಡಕ್ಕೆ ನೆರಳಾಗಲಿ ಎಂದು ಒಂದು ತುಂಡು ಬಟ್ಟೆ ಕಟ್ಟಿದೆ. ಬಟ್ಟೆಗೆ ಬೆದರಿ ತಾಯಿ ಹತ್ತಿರ ಸುಳಿಯಲಿಲ್ಲ. ಬಿಚ್ಚಿದೆ, ಕಾಗೆ ಬಂತು. ಕಾಗೆಯನ್ನು ಬೈದು ಏನು ಮಾಡಲಿ? ಅದು ಉಂಡಿತು ಅಷ್ಟೆ. ಬಡಿಸಿಟ್ಟವರು ಬೇರೆ.

ಬಡಿಸಿಟ್ಟವರು ನನ್ನ ಭಾವ, ಅಕ್ಕನ ಗಂಡ. ಊರಿನಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ನಮ್ಮ ನಿಸರ್ಗ ಬಳಗಕ್ಕೆ ಅವರೇ ಅಧ್ಯಕ್ಷರು. ಆ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದು, “ಸುಮ್ಮನೆ ಕಿಟಕಿ ಪಕ್ಕ ಕೂತಿರ್ತೀನಮ್ಮ, ಉಸಿರು ಕೂಡ ಬಿಡಲ್ಲ” ಅಂದಿದ್ದರು. ನಾನು ಹೊಲಿದ ಪರದೆಗಳನ್ನು ಒಬ್ಬ ದಂತವೈದ್ಯರ ಮನೆಗೆ ತಲುಪಿಸಿ ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸರಿಸಿಟ್ಟು ಹೋಗಿದ್ದರು. ಅಷ್ಟು ಮರ್ಯಾದೆಯ ಮನುಷ್ಯ.

ನಮ್ಮ ಬಳಗದ್ದು ದೊಡ್ಡ ಕೆಲಸವೇನಲ್ಲ. ರಜೆಯ ದಿನ ಸೇರುತ್ತೇವೆ. ಕೆರೆಯಂಚಿನ ಪ್ಲಾಸ್ಟಿಕ್ ಹೆಕ್ಕುತ್ತೇವೆ, ಹಳೆಯ ಮರಗಳಿಗೆ ಗೂಡುಪೆಟ್ಟಿಗೆ ಕಟ್ಟುತ್ತೇವೆ, ಕಪ್ಪೆಗಳು ರಸ್ತೆ ದಾಟುವ ಕಾಲದಲ್ಲಿ ಬಕೆಟ್ಟಿನಲ್ಲಿ ತುಂಬಿ ಆಚೆ ಬಿಡುತ್ತೇವೆ. ಆದರೆ ನಮ್ಮಲ್ಲೊಂದು ಪದ್ಧತಿ ಇದೆ, ಬೇರೆ ಕಡೆ ನಾನು ಕೇಳಿಲ್ಲ. ಬಳಗ ಕಟ್ಟಿದ ನರ್ಸಮ್ಮ ಮಾಡಿದ್ದು. ಅವರು ಹೆರಿಗೆ ವಾರ್ಡಿನಲ್ಲಿ ಆಯುಸ್ಸು ಸವೆಸಿದವರು. ಯಾರ ಮನೆಯಲ್ಲಿ ಹಕ್ಕಿ ಗೂಡು ಕಟ್ಟುತ್ತದೋ ಆ ಮನೆ ಅದಕ್ಕೆ ತವರು. ಆ ಮನೆಯವರು ತವರಿನವರು. ಮರಿ ಹಾರುವ ತನಕ ಯಾರು ಬರಬೇಕು, ಯಾವಾಗ ಬರಬೇಕು, ಎಷ್ಟು ದೂರ ನಿಲ್ಲಬೇಕು, ಎಲ್ಲಕ್ಕೂ ಅವರದೇ ಕೊನೆಯ ಮಾತು. ಅಧ್ಯಕ್ಷರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು “ಬರಬಹುದಾ?” ಅಂತ ಕೇಳಬೇಕು. “ಬಾಣಂತಿ ಕೋಣೆಗೆ ನುಗ್ಗೋರಿಗೆ ನನ್ನ ಹತ್ತಿರ ಸೂಜಿ ಇದೆ” ಅಂತ ನರ್ಸಮ್ಮ ಹೆದರಿಸುತ್ತಿದ್ದರು. ನಾವು ನಗುತ್ತಿದ್ದೆವು, ಆದರೆ ಪಾಲಿಸುತ್ತಿದ್ದೆವು. ಆ ವರ್ಷ ಬುಲ್‌ಬುಲ್ಲಿಗೆ ತವರು ನನ್ನ ಮನೆಯಾಗಿತ್ತು. ನನಗೆ ಮದುವೆಯೂ ಆಗಿಲ್ಲ, ಮಕ್ಕಳೂ ಇಲ್ಲ. ತವರಿನವಳು ಅನ್ನಿಸಿಕೊಂಡಾಗ ಒಳಗೇ ಹಿಗ್ಗಿದ್ದೆ. ಹಿಗ್ಗಿದ್ದು ಯಾರಿಗೂ ಕಾಣದ ಹಾಗೆ ನೋಡಿಕೊಂಡಿದ್ದೆ.

ವಾಚನಾಲಯದ ಹಿಂದಿನ ಕೋಣೆಯಲ್ಲಿ ಸಭೆ. ನಾನು ಕತ್ತರಿಯನ್ನು ಮೇಜಿನ ಮೇಲಿಟ್ಟು, ಭಾವನ ಮುಖ ನೋಡದೆ, ನಡೆದದ್ದು ಹೇಳಿದೆ. ಭಾವ ಎದ್ದು ನಿಂತರು. ಅವರ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

“ನಾನು ಹೋದಾಗಲೇ ಎಲೆ ಕತ್ತರಿಸಿಯಾಗಿತ್ತು. ಪಾಪ, ಅವಳಿಗೆ ಹೊಲಿಯೋಕೆ ಬೆಳಕು ಬೇಕಲ್ವಾ? ಹೀಗಾಗತ್ತೆ ಅಂತ ಅವಳಿಗೇನು ಗೊತ್ತಿತ್ತು. ನಮ್ಮ ಮನೆ ಹುಡುಗಿ, ದೊಡ್ಡದು ಮಾಡೋದು ಬೇಡ.”

“ಬಳ್ಳಿಯಿಂದ ಸೂಜಿಗೆ ದಾರ ಪೋಣಿಸೋಕೂ ಬೆಳಕಿಲ್ಲ ಅಂತ ನೀವೇ ಒಂದ್ಸಲ ಅಂದಿದ್ರಲ್ಲ?” ಅಂದ ಗ್ಯಾರೇಜಿನ ಮೆಕ್ಯಾನಿಕ್. ಕೆಟ್ಟವನಲ್ಲ, ನೆನಪಾದದ್ದನ್ನು ಹೇಳಿದ.

“ತಮಾಷೆಗೆ ಅಂದಿದ್ದೆ.”

“ಕತ್ತರಿ ಯಾರದ್ದು?”

“ನಂದೇ.”

“ಮತ್ತೆ?”

ಆ ‘ಮತ್ತೆ’ಗೆ ನಾನು ಕತ್ತರಿಯನ್ನು ಮೇಜಿನಿಂದ ಎತ್ತಿ ಚೀಲಕ್ಕೆ ಹಾಕಿಕೊಂಡೆ. ಮೊದಲಿನಿಂದಲೂ ನಾನು ಕೇಳಿಸಿಕೊಳ್ಳುವವಳು, ಮಾತಾಡುವವಳಲ್ಲ. ನರ್ಸಮ್ಮ ಕನ್ನಡಕ ತೆಗೆದು ಒರೆಸಿದರು. “ಆಗಿದ್ದು ಆಗಿಹೋಯ್ತು. ಇನ್ನು ಮೇಲೆ ಆ ಮನೆಗೆ ತವರಿನ ಮಾತು ಬೇಡ” ಅಂದರು. ಎಲ್ಲರೂ ತಲೆಯಾಡಿಸಿದರು. ಭಾವನೂ ತಲೆಯಾಡಿಸಿದರು, ಎಲ್ಲರಿಗಿಂತ ನಿಧಾನವಾಗಿ, ಬಹಳ ಬೇಸರವಾದವರ ಹಾಗೆ.

ಕೆಲವೇ ದಿನಗಳಲ್ಲಿ ವಾಚನಾಲಯದ ಬಾಗಿಲ ಪಕ್ಕ ಅವರ ಹೊಸ ಫೋಟೋ ತೂಗಿತು. ಆಳುದ್ದದ ಚೌಕಟ್ಟು. ಮೂರು ಬೆತ್ತಲೆ ಮರಿಗಳು, ಮೂರು ತೆರೆದ ಬಾಯಿ, ಎಳೆ ನಾಲಗೆಯ ಕೆಂಪು ಕೂಡ ಕಾಣುವಷ್ಟು ಬೆಳಕು. ಕೆಳಗೆ ‘ಹಸಿವು’ ಅಂತ ಬರೆದಿದ್ದರು. ಬಂದವರೆಲ್ಲ ನಿಂತು “ಅಯ್ಯೋ, ಅಮ್ಮನ್ನ ಕರೀತಿವೆ” ಅನ್ನುತ್ತಿದ್ದರು. ಅದು ಹಸಿವಲ್ಲ. ಬಿಸಿಲ ಬೇಗೆ ತಡೆಯಲಾರದೆ ಬಾಯಿ ತೆರೆದದ್ದು. ಮರಿ ಸಾಯುವುದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು, ನಾನು ದಿನಾ ಅದರ ಮುಂದೆ ಹಾದು ಹೋಗಬೇಕಿತ್ತು.

ಅಕ್ಕ ಬಂದು ಜಗಳ ಮಾಡಿದಳು. “ಒಂದು ಹಕ್ಕಿಗೂಡಿಗೋಸ್ಕರ ನನ್ನ ಗಂಡನ ಮುಖ ನೋಡಲ್ಲ ಅಂತೀಯಲ್ಲೇ!”

“ನೋಡಲ್ಲ ಅಂತ ಯಾವಾಗ ಅಂದೆ? ನೋಡ್ತಾನೇ ಇದ್ದೀನಿ.”

“ನಿನ್ನ ಬಾಯಲ್ಲಿ ಮಾತೇ ಇರಲ್ಲ, ಬಂದರೆ ಹೀಗೆ ಬರತ್ತೆ. ಹೊಟ್ಟೆಗೆ ಹಾಕ್ಕೋ. ಅವರೇನು ನಿನಗೆ ಕೆಟ್ಟದ್ದು ಬಯಸೋರಾ?”

“ಇಲ್ಲ ಅಕ್ಕ. ಒಳ್ಳೆ ಬೆಳಕು ಬಯಸೋರು.”

ಅವಳಿಗೆ ಅರ್ಥವಾಗಲಿಲ್ಲ. ಅವಳು ಗಂಡನ ಮಾತನ್ನು ನಂಬಿದ್ದಳು. ನಂಬದೆ ಅವಳಾದರೂ ಎಲ್ಲಿಗೆ ಹೋಗುತ್ತಾಳೆ.

ನಮ್ಮ ಅಪ್ಪ ಸಂಜೆ ಹೊತ್ತು ರಾಗವಾಗಿ ಪದ್ಯ ಓದುತ್ತಿದ್ದರು. ಅಕ್ಕ ನಿದ್ದೆ ಹೋಗುತ್ತಿದ್ದಳು, ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಆ ಪದ್ಯಗಳಲ್ಲಿ ಭಕ್ತಿಯೂ ಇತ್ತು, ಹಗೆಯೂ ಇತ್ತು, ಎರಡೂ ಒಂದೇ ರಾಗದಲ್ಲಿ ಬರುತ್ತಿದ್ದವು. ಹಗೆ ಸಾಧಿಸುವವರು ಅವಸರ ಪಡುವುದಿಲ್ಲ. ಉಣ್ಣುತ್ತಾರೆ, ಮೀಯುತ್ತಾರೆ, ದೇವರಿಗೆ ಕೈಮುಗಿಯುತ್ತಾರೆ, ಕಾಯುತ್ತಾರೆ. ನಾನೂ ಹಾಗೆಯೇ ಕಾದೆ. ಬೆಳಿಗ್ಗೆ ದೀಪ ಹಚ್ಚಿ ಎಲ್ಲರಿಗೂ ಒಳ್ಳೆಯದು ಮಾಡಪ್ಪ ಅನ್ನುವಾಗ ‘ಎಲ್ಲರಿಗೂ’ ಅನ್ನುವಲ್ಲಿ ನಾಲಗೆ ತಡೆಯುತ್ತಿತ್ತು. ತಡೆದ ಜಾಗದಲ್ಲಿ ಒಂದು ಮುಖ ನಿಲ್ಲುತ್ತಿತ್ತು. ಅದನ್ನು ಬಿಟ್ಟು ಮುಂದಿನ ಮಾತಿಗೆ ಹೋಗುತ್ತಿದ್ದೆ. ದೇವರು ಕೇಳಿಸಿಕೊಂಡಿರಬೇಕು, ಬೇಡ ಅಂತ ಹೇಳಲಿಲ್ಲ.

ಮರುವರ್ಷ ಅಟ್ಟಕ್ಕೆ ಚಾಣ ಬಂತು.

ಚಾಣ ಅಂದರೆ ಗಿಡುಗದ ಜಾತಿಯ ಸಣ್ಣ ಹಕ್ಕಿ. ಪಾರಿವಾಳದಷ್ಟೇ ಗಾತ್ರ, ಇಟ್ಟಿಗೆ ಬಣ್ಣದ ಬೆನ್ನು. ಬಯಲಿನ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತುಬಿಡುತ್ತದೆ, ದಾರ ಕಟ್ಟಿ ಇಳಿಬಿಟ್ಟ ಹಾಗೆ. ನಮ್ಮ ಊರಿನಲ್ಲಿ ಅದು ಮರಿ ಮಾಡುವುದನ್ನೇ ಬಿಟ್ಟಿತ್ತು. ಬಳಗದವರು ನೀರಿನ ಟ್ಯಾಂಕಿಗೆ, ಗೋದಾಮಿನ ಗೋಡೆಗೆ, ಶಾಲೆಯ ಗಡಿಯಾರದ ಕೆಳಗೆ ಪೆಟ್ಟಿಗೆ ಕಟ್ಟಿ ಕಾದದ್ದೇ ಬಂತು. ಅದು ಅದ್ಯಾವುದನ್ನೂ ಮೂಸದೆ, ನಾನು ಹಳೆಯ ಸ್ಪಂಜು, ಮುರಿದ ಸರಳು ತುಂಬಿಟ್ಟ ತಗಡಿನ ಅಟ್ಟಕ್ಕೆ, ಗಾಜು ಒಡೆದ ಗವಾಕ್ಷಿಯಿಂದ ನುಗ್ಗಿ, ಒಂದು ಮೂಲೆಯಲ್ಲಿ ಮೊಟ್ಟೆ ಇಟ್ಟಿತು.

ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಸಭೆಗೆ ಹೋಗಿ, ಯಾರೂ ಕೇಳುವ ಮೊದಲೇ ಹೇಳಿದೆ. “ನಮ್ಮ ಅಟ್ಟದಲ್ಲಿ ಚಾಣ ಕಾವಿಗೆ ಕೂತಿದೆ.”

ಭಾವನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

“ನಿಜವಾಗ್ಲೂ ಚಾಣಾನಾ? ಪಾರಿವಾಳ ಇರಬಹುದು” ಅಂದ ಮೆಕ್ಯಾನಿಕ್.

“ಪಾರಿವಾಳ ಇಲಿ ತಂದು ಹಾಕಲ್ಲ.”

ನರ್ಸಮ್ಮ ನಕ್ಕರು. ಮರುದಿನ ತಾವಾಗಿಯೇ ನಮ್ಮ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ಬರಬಹುದಾ?” ಅಂದರು. ತವರಿನ ಮಾತು ಮರಳಿ ಬಂತು ಅಂತ ಅದರ ಅರ್ಥ. ಕಳೆದ ವರ್ಷದ್ದು ಸುಳ್ಳು ಅಂತ ಅಲ್ಲ. “ಆಗಿದ್ದು ಮರೆತುಬಿಡು, ಈ ಸಲ ಜೋಪಾನ” ಅಂತಲೇ ಅಂದರು. ಹಾಗೆಂದರೆ ನಾನು ಕ್ಷಮೆ ಪಡೆದವಳು. ಮಾಡದ ತಪ್ಪಿಗೆ ಕ್ಷಮೆ ಪಡೆಯುವಾಗ ಮೈಯೆಲ್ಲ ಹೇಗೆ ಉರಿಯುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

“ಅಟ್ಟದಲ್ಲಿ ಕಾವಲು ಯಾರು ಅಂತ ನಾನೇ ಹೇಳ್ತೀನಿ” ಅಂದೆ.

“ತವರಿನವಳು ನೀನು. ಹೇಳು.”

“ಮಧ್ಯಾಹ್ನದ ಕಾವಲಿಗೆ ಭಾವ.”

ನರ್ಸಮ್ಮ ನನ್ನನ್ನೇ ನೋಡಿದರು. ಮನಸ್ಸು ದೊಡ್ಡದು ಅಂದುಕೊಂಡಿರಬೇಕು. ತಲೆ ಸವರಿದರು.

ಭಾವ ಕುಣಿಯುತ್ತ ಬಂದರು. ಎರಡು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಮೊಣಕೈಯಷ್ಟು ಉದ್ದದ ಲೆನ್ಸು. ಏಣಿಯ ಬುಡದಲ್ಲಿ ನಾನು ಕೈ ಚಾಚಿ ನಿಂತಿದ್ದೆ.

“ಕ್ಯಾಮೆರಾ ಇಲ್ಲೇ ಇರಲಿ ಭಾವ.”

“ಏನಮ್ಮ ಇದು? ನಾನು ಬರೋದೇ ಅದಕ್ಕೆ.”

“ಮೊಟ್ಟೆ ಮೇಲೆ ಕೂತಿದೆ. ಈಗ ಬೇಡ.”

“ಸರಿ ಸರಿ. ಮರಿ ಆದ ಮೇಲೆ ತೆಗೀಬಹುದಲ್ಲ?”

“ನೋಡೋಣ.”

“ಫೋನೂ ಕೊಡಬೇಕಾ?”

“ಫೋನೂ.”

ಕೊಟ್ಟರು. ನಾನು ಅವನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಹೊಲಿಗೆ ಮೇಜಿನ ಮೇಲೆ, ಅಟ್ಟದಿಂದ ಬಗ್ಗಿ ನೋಡಿದರೆ ಕಾಣುವ ಹಾಗೆ ಇಟ್ಟೆ.

ಅಟ್ಟದಲ್ಲಿ ನಿಂತರೆ ತಗಡು ತಲೆಗೆ ತಾಗುತ್ತದೆ. ಮಧ್ಯಾಹ್ನಕ್ಕೆ ಅದು ಹಂಚಿನಂತೆ ಕಾಯುತ್ತದೆ. ಕೂರಲು ಒಂದು ಮೋಟು ಸ್ಟೂಲು, ಮುಂದೆ ನಾನೇ ಹೊಲಿದು ಕಟ್ಟಿದ ಕಂದು ಪರದೆ, ಅದರಲ್ಲೊಂದು ಕಣ್ಣಗಲದ ತೂತು. ಬೇರೆ ಯಾರನ್ನಾದರೂ ಕೂರಿಸಬಹುದಿತ್ತು. ಬೆಳಗಿನ ತಂಪಿನಲ್ಲಿ ಮೆಕ್ಯಾನಿಕ್ ಕೂರುತ್ತಿದ್ದ, ಸಂಜೆ ನಾನು. ಬಿಸಿಲು ನೆತ್ತಿಗೇರುವ ಹೊತ್ತು ಭಾವನಿಗೆ. ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲು ಕೈ ಎತ್ತುವ ಹಾಗಿಲ್ಲ, ಹಕ್ಕಿ ಬೆದರುತ್ತದೆ. ಬಾಯಿ ಒಣಗಿ ಅವರು ತೆರೆದ ಬಾಯಲ್ಲಿ ಉಸಿರಾಡುವುದು ಕೆಳಗೆ ಹೊಲಿಯುತ್ತ ಕೂತ ನನಗೆ ಕೇಳಿಸುತ್ತಿತ್ತು. ಆ ಸದ್ದಿಗೆ ಸರಿಯಾಗಿ ನಾನು ಯಂತ್ರ ತುಳಿಯುತ್ತಿದ್ದೆ. ನೀರಿನ ತಂಬಿಗೆಯನ್ನು ತುಂಬಿ ಏಣಿಯ ಬುಡದಲ್ಲೇ ಇಡುತ್ತಿದ್ದೆ. ಕಾವಲು ಮುಗಿದ ಮೇಲೆ ಇಳಿದು ಬಂದು ಕುಡಿಯಬಹುದು.

ಮೊಟ್ಟೆ ಒಡೆಯಿತು. ನಾಲ್ಕು ಮರಿ, ಹತ್ತಿಯ ಉಂಡೆಗಳ ಹಾಗೆ.

“ಈಗ ತೆಗೀಲಾ?” ಅಂದರು ಭಾವ.

“ಕಣ್ಣೇ ಸರಿಯಾಗಿ ಬಿಟ್ಟಿಲ್ಲ. ನೋಡೋಣ.”

ಹತ್ತಿ ಉದುರಿ ಕಂದು ಗರಿ ಮೂಡಿತು.

“ಈಗ?”

“ನೋಡೋಣ ಭಾವ.”

ಒಮ್ಮೆಯೂ ಆಗಲ್ಲ ಅನ್ನಲಿಲ್ಲ. ಆಗಲ್ಲ ಅಂದಿದ್ದರೆ ಅವರು ಕೈಕೊಡವಿಕೊಂಡು ಹೋಗಿಬಿಡುತ್ತಿದ್ದರು. ‘ನೋಡೋಣ’ ಅನ್ನುವ ಮಾತಿನ ತುದಿಗೆ ಅವರನ್ನು ಕಟ್ಟಿಹಾಕಿ, ದಿನಾ ಅಷ್ಟಿಷ್ಟು ದಾರ ಬಿಟ್ಟು, ದಿನಾ ಅಷ್ಟಿಷ್ಟು ಎಳೆದುಕೊಳ್ಳುತ್ತಿದ್ದೆ. ಸಿಹಿಯಾಗಿತ್ತು. ಇಷ್ಟು ಸಿಹಿಯಾಗಿರುತ್ತದೆ ಅಂತ ಅಪ್ಪನ ಪದ್ಯಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ವಾರದ ಸಭೆಯಲ್ಲಿ ಕಾವಲಿನವರು ಕಂಡದ್ದನ್ನು ಹೇಳಬೇಕು. ಭಾವ ಯಾವತ್ತೂ ಫೋಟೋ ಕೈಗೆ ಕೊಟ್ಟು ಕೂರುವವರು. ಈಗ ಬರೀ ಬಾಯಲ್ಲಿ ಹೇಳಬೇಕಾಗಿತ್ತು.

“ತಾಯಿ ಬಂತು. ಆಮೇಲೆ... ಇಲಿ ತಂದಿತ್ತು. ಕೊಟ್ಟಿತು.”

“ಹೇಗೆ ಕೊಟ್ಟಿತು?” ಅಂದರು ನರ್ಸಮ್ಮ.

“ಹೇಗೆ ಅಂದರೆ... ಕೊಕ್ಕಿನಲ್ಲಿ.”

“ಅಬ್ಬಾ! ನಾನು ಚಮಚದಲ್ಲಿ ಅಂದುಕೊಂಡಿದ್ದೆ” ಅಂದ ಮೆಕ್ಯಾನಿಕ್. ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾವ ಕಿವಿಯ ತನಕ ಕೆಂಪಾದರು. ನಾನು ನಗಲಿಲ್ಲ, ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿದೆ.

ಅಷ್ಟರಲ್ಲಿ ಬಳಗದ ವಾರ್ಷಿಕ ಪ್ರದರ್ಶನ ಹತ್ತಿರ ಬಂತು. ಭಾವ ಮೊದಲೇ ಊರಿಗೆಲ್ಲ ಡಂಗುರ ಹೊಡೆದಿದ್ದರು, ಚಾಣದ ಮರಿಯ ಮೊದಲ ಹಾರಾಟ ಈ ಸಲದ ದೊಡ್ಡ ಚಿತ್ರ ಅಂತ. ವಾಚನಾಲಯದಲ್ಲಿ ‘ಹಸಿವು’ ತೆಗೆದು ಅದೇ ಮೊಳೆಗೆ ಅದಕ್ಕಿಂತ ದೊಡ್ಡ ಚೌಕಟ್ಟು ತೂಗಿಸಿದ್ದರು, ಒಳಗೆ ಬರೀ ಬಿಳಿ ಹಾಳೆ. ಜನ ಬಂದು ಆ ಬಿಳಿಯನ್ನೇ ನೋಡಿ “ಇದೇನು, ಮಂಜಾ?” ಅನ್ನುತ್ತಿದ್ದರಂತೆ. ಪಕ್ಕದ ಕಟ್ಟಡದ ಗೋಡೆ ಒತ್ತಿಕೊಂಡಿರುವುದರಿಂದ ಗವಾಕ್ಷಿ ಹೊರಗಿನಿಂದ ಎಲ್ಲಿಯೂ ಕಾಣುವುದಿಲ್ಲ. ಆ ಚಿತ್ರ ಸಿಕ್ಕುವುದಿದ್ದರೆ ನನ್ನ ಅಟ್ಟದಿಂದಲೇ.

ಅಕ್ಕ ಮತ್ತೆ ಬಂದಳು. “ಅವರು ಸರಿಯಾಗಿ ಊಟ ಮಾಡ್ತಿಲ್ಲ ಕಣೇ. ಮುಖ ನೋಡು, ಸುಟ್ಟ ಬದನೆಕಾಯಿ ಹಾಗಾಗಿದೆ. ಒಂದು ಫೋಟೋ ತಾನೇ, ತೆಗೆಯೋಕೆ ಬಿಡು.”

“ನೋಡೋಣ ಅಕ್ಕ.”

“ಮರಿಗಳಿಗೆ ತೊಂದರೆ ಆಗತ್ತಾ?”

“ನರ್ಸಮ್ಮನ್ನ ಕೇಳು.”

ಅವಳು ಹೋಗಿ ಕೇಳಿಯೇ ಬಂದಳು. ರೆಕ್ಕೆ ಬಲಿತಿದೆ, ಇಷ್ಟು ದಿನ ಪರದೆಯ ಹಿಂದೆ ಮನುಷ್ಯರು ಕೂತಿದ್ದು ಅವಕ್ಕೆ ರೂಢಿಯಾಗಿದೆ, ಫ್ಲ್ಯಾಶ್ ಹಾಕದೆ ತೆಗೆದರೆ ಏನೂ ಆಗಲ್ಲ, ಆದರೆ ತವರಿನ ಮಾತು ಅವಳದು. ನರ್ಸಮ್ಮ ಹೀಗಂದರಂತೆ. ನನಗೂ ಅದು ಗೊತ್ತಿತ್ತು.

ಹಾರುವ ದಿನ ಬಂತು. ತಾಯಿ ಇಲಿಯನ್ನು ಒಳಗೆ ತರದೆ, ಎದುರು ಗೋಡೆಯ ಮೇಲೆ ಕೂತು ತೋರಿಸಿ ತೋರಿಸಿ ಕರೆಯಲು ಶುರುಮಾಡಿದರೆ ಅದು ಆ ದಿನವೇ. ಮಧ್ಯಾಹ್ನ ನಾನೂ ಅಟ್ಟ ಹತ್ತಿ ಭಾವನ ಪಕ್ಕ ಮೊಣಕಾಲೂರಿ ಕೂತೆ. ಪರದೆಗೆ ಇನ್ನೊಂದು ತೂತು ಮಾಡಿದ್ದೆ. ಇಬ್ಬರ ಭುಜಕ್ಕೆ ಭುಜ ತಾಗುತ್ತಿತ್ತು. ಅವರ ಅಂಗಿ ನೆನೆದು ಬೆನ್ನಿಗೆ ಅಂಟಿತ್ತು.

ಹಿರಿಮರಿ ಗವಾಕ್ಷಿಯ ಅಂಚಿಗೆ ಬಂದು ನಿಂತಿತು. ಎದುರು ಗೋಡೆಯ ಮೇಲಿನಿಂದ ಹಾದು ಬಂದ ಬಿಸಿಲು ಅದರ ಹಿಂದೆ. ಬಿಚ್ಚಿದ ರೆಕ್ಕೆಯ ಒಂದೊಂದು ಗರಿಯ ನಡುವೆಯೂ ಬೆಳಕು ನುಸುಳಿ, ಮರಿ ಇಡೀ ಉರಿಯುವ ಕೆಂಡದ ಬಣ್ಣಕ್ಕೆ ತಿರುಗಿತ್ತು. ಹಿಂದೆ ಉಳಿದ ಮೂರು ಒಂದರ ಹೆಗಲ ಮೇಲೊಂದು ಹತ್ತಿ ಇಣುಕುತ್ತಿದ್ದವು. ಅಂಥದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆ ನೋಡುತ್ತೇನೋ ಇಲ್ಲವೋ.

ಭಾವನ ಕೈಗಳು ಎದೆಯ ಹತ್ತಿರ ಹೋಗಿ, ಅಲ್ಲಿ ಇಲ್ಲದ ಕ್ಯಾಮೆರಾವನ್ನು ಹಿಡಿದುಕೊಂಡವು. ಬಲಗೈ ತೋರುಬೆರಳು ಗಾಳಿಯನ್ನು ಒತ್ತಿತು. ಅವರಿಗದು ಗೊತ್ತೇ ಆಗಲಿಲ್ಲ. ನಾನು ಹಕ್ಕಿಯನ್ನು ಬಿಟ್ಟು ಆ ಬೆರಳನ್ನೇ ನೋಡಿದೆ.

“ತಂಗೀ,” ಪಿಸುಗುಟ್ಟಿದರು. ಯಾವತ್ತೂ ಹಾಗೆ ಕರೆದವರಲ್ಲ. “ಕೆಳಗಿದೆ, ಇಳಿದು ತಂದುಬಿಡ್ತೀನಿ. ಇನ್ನೂ ನಿಂತಿದೆ ನೋಡು. ಒಂದೇ ಒಂದು.”

ನಾನು ಮತ್ತೆ ತೂತಿಗೆ ಕಣ್ಣಿಟ್ಟೆ.

“ನಿನಗೇನು ಬೇಕು ಅಂತ ನನಗೆ ಗೊತ್ತು.” ಅವರು ತಿರುಗಿದರು. ಕಣ್ಣು ಬೆವರಿಗೋ ಏನೋ ಕೆಂಪಾಗಿದ್ದವು. “ಸಭೇಲಿ ಹೇಳ್ತೀನಿ. ಎಲ್ಲರ ಮುಂದೆ. ಎಲೆ ಕತ್ತರಿಸಿದ್ದು ನಾನು, ಅವಳಲ್ಲ ಅಂತ. ನಿನ್ನ ಅಕ್ಕನ ಮುಂದೇನೂ ಹೇಳ್ತೀನಿ. ಬೆಳಕು ಸಾಲದೆ ಕತ್ತರಿಸಿದೆ, ಆಮೇಲೆ ಹೆದರಿ ಸುಳ್ಳು ಹೇಳಿದೆ. ಸಾಕಾ? ಈ ಫೋಟೋ ಒಂದು ಸಿಕ್ಕಲಿ, ಇವತ್ತೇ ಹೇಳ್ತೀನಿ.”

ಒಂದು ವರ್ಷ ದೇವರ ಮುಂದೆ ನಿಂತು ಬೇಡಿದ್ದು ಆ ಮಾತನ್ನೇ. ಅದು ನನ್ನ ಕೈಗೆಟುಕುವಷ್ಟು ಹತ್ತಿರ, ಬೆವರಿನ ವಾಸನೆಯ ಜೊತೆ ಬಂದು ಕೂತಿತ್ತು. ಹೂಂ ಅಂದರೆ ಆಯಿತು. ಸುಳ್ಳುಗಾತಿಯ ಹಣೆಪಟ್ಟಿ ಕಳಚುತ್ತದೆ, ಅಕ್ಕನಿಗೆ ಗೊತ್ತಾಗುತ್ತದೆ, ನರ್ಸಮ್ಮ ಕನ್ನಡಕ ಒರೆಸಿಕೊಳ್ಳುತ್ತಾರೆ. ಹೂಂ ಅನ್ನದಿದ್ದರೆ ಇವರು ಸಾಯುವ ತನಕ ಬಾಯಿ ಬಿಡುವವರಲ್ಲ. ನಾನು ಸಾಯುವ ತನಕ ಮೂರು ಮರಿ ಕೊಂದವಳು.

ಅಂಚಿನ ಮೇಲೆ ಮರಿ ಒಮ್ಮೆ ಮುಂದಕ್ಕೆ ಬಾಗಿತು, ಹಿಂದಕ್ಕೆ ಬಂತು. ಎದುರು ಗೋಡೆಯಿಂದ ತಾಯಿ ಕರೆಯಿತು.

“ಬೇಗ ಹೇಳಮ್ಮ. ಹೋಗಿಬಿಡತ್ತೆ.”

“ಹೋಗತ್ತೆ.”

“ಮರಿಗೆ ಏನೂ ಆಗಲ್ಲ, ನರ್ಸಮ್ಮನೇ ಹೇಳಿದ್ದಾರೆ. ನಿನಗೂ ಗೊತ್ತು.”

“ಗೊತ್ತು.”

“ಮತ್ತೆ? ಕೈ ಮುಗೀತೀನಿ ಕಣಮ್ಮ. ತರಲಾ?”

ಅವರು ನಿಜವಾಗಿಯೂ ಕೈ ಮುಗಿದಿದ್ದರು. ನಾನು ತೂತಿನಿಂದ ಕಣ್ಣು ತೆಗೆದು ಅವರನ್ನು ಸರಿಯಾಗಿ ನೋಡಿದೆ.

“ಹಕ್ಕಿ ನೆಪ ಹೇಳಲ್ಲ ಭಾವ. ನನಗೆ ಇಷ್ಟ ಇಲ್ಲ. ಕೊಡಲ್ಲ.”